ಮೋಡದ ಒಡಲು ತೋರಿಸಿದ ಪರದೆಗಳು

1953ರ ಏಪ್ರಿಲ್ 9. ಅಮೆರಿಕದ ಇಲಿನಾಯ್ ರಾಜ್ಯದ ಷಾಂಪೇನ್ ಪಟ್ಟಣದ ಬಳಿ, ಮಳೆಯ ಪ್ರಮಾಣ ಅಳೆಯಲೆಂದು ಇಟ್ಟಿದ್ದ ರೇಡಾರ್ ಒಂದನ್ನು ಡೊನಾಲ್ಡ್ ಸ್ಟ್ಯಾಗ್ಸ್ ಎಂಬ ಎಂಜಿನಿಯರ್ ಪರೀಕ್ಷಿಸುತ್ತಿದ್ದರು. ದುಂಡಗಿನ ಪರದೆಯಲ್ಲಿ ಮೂಡಿದ ಮಳೆಮೋಡದ ಅಂಚಿಗೆ ಕೊಕ್ಕೆಯಂಥ ಬಾಲವೊಂದು ಬೆಳೆಯತೊಡಗಿತು. ಅವರು ತಡಮಾಡದೆ ಅದನ್ನು ಕ್ಯಾಮೆರಾದಲ್ಲಿ ಸೆರೆಹಿಡಿದರು. ಕೊಕ್ಕೆ ಕಂಡ ಕಡೆಯೇ ಸುಂಟರಗಾಳಿ ಎದ್ದಿತ್ತೆಂಬುದು ನಂತರ ಖಚಿತವಾಯಿತು. ಸುಂಟರಗಾಳಿಯ ಈ ಗುರುತು ರೇಡಾರ್ ಪರದೆಯ ಮೇಲೆ ದಾಖಲಾದದ್ದು ಅದೇ ಮೊದಲು.

ರೇಡಾರ್ ಎಂದೊಡನೆ ಕಣ್ಣಿಗೆ ಕಟ್ಟುವುದು ಗಿರ್ರನೆ ತಿರುಗುವ ಆಂಟೆನಾ. ಆದರೆ ಆಂಟೆನಾ ಹಿಡಿದದ್ದೆಲ್ಲ ಮನುಷ್ಯನ ಕಣ್ಣಿಗೆ ಚಿತ್ರವಾಗಿ ಬೀಳದಿದ್ದರೆ ಪ್ರಯೋಜನವಿಲ್ಲ. ಚಿತ್ರ ತಡವಾದರೆ ಎಚ್ಚರಿಕೆಯೂ ತಡವಾಗುತ್ತದೆ. ಆದ್ದರಿಂದಲೇ ಹವಾಮಾನ ರೇಡಾರಿನ ಇತಿಹಾಸವೆಂದರೆ ಅರ್ಧದಷ್ಟು ಪರದೆಯ ಇತಿಹಾಸ.

ಎರಡನೇ ಮಹಾಯುದ್ಧದಲ್ಲಿ ವಿಮಾನ ಹುಡುಕುತ್ತಿದ್ದವರಿಗೆ ಮಳೆ ಒಂದು ಉಪದ್ರವವಾಗಿತ್ತು. ಯುದ್ಧದ ನಂತರ ಆ ಉಪದ್ರವವೇ ಹವಾಮಾನ ತಜ್ಞರಿಗೆ ವರವಾಯಿತು. ಆಗಿನ ಪರದೆ ಒಂದು ಕ್ಯಾಥೋಡ್ ಕಿರಣದ ನಳಿಗೆ. ಆಂಟೆನಾ ತಿರುಗಿದಂತೆ ಬೆಳಕಿನ ಗೆರೆಯೂ ತಿರುಗಿ, ಮಳೆ ಇದ್ದಲ್ಲಿ ಕಲೆ ಮೂಡಿಸುತ್ತಿತ್ತು. ಪರದೆಗೆ ಬಳಿದ ಫಾಸ್ಫರ್ ಲೇಪ ಆ ಕಲೆಯನ್ನು ಕೆಲ ಕ್ಷಣ ಉಳಿಸಿಕೊಳ್ಳುತ್ತಿತ್ತು. ಅದು ಮಾಸುವ ಮೊದಲು, ಕತ್ತಲೆ ಕೋಣೆಯಲ್ಲಿ ಕುಳಿತವರು ಪೆನ್ಸಿಲಿನಿಂದ ಮೋಡದ ಆಕಾರ ಗುರುತಿಸಿಕೊಳ್ಳಬೇಕಿತ್ತು.

1961ರ ಸೆಪ್ಟೆಂಬರಿನಲ್ಲಿ ‘ಕಾರ್ಲಾ’ ಚಂಡಮಾರುತ ಟೆಕ್ಸಾಸ್ ಕರಾವಳಿಯತ್ತ ಬಂದಾಗ, ಗ್ಯಾಲ್ವೆಸ್ಟನ್ ಹವಾಮಾನ ಕಚೇರಿಯ ರೇಡಾರ್ ಚಿತ್ರವನ್ನು ವರದಿಗಾರ ಡಾನ್ ರಾದರ್ ಟಿ.ವಿ.ಯಲ್ಲಿ ತೋರಿಸಿದರು. ಚಂಡಮಾರುತದ ಗಾತ್ರ ಮನದಟ್ಟಾಗಲೆಂದು ಪಾರದರ್ಶಕ ಹಾಳೆಯ ಮೇಲಿನ ಕರಾವಳಿ ನಕಾಶೆಯನ್ನು ಪರದೆಗೆ ಹೊಂದಿಸಲಾಗಿತ್ತು. ಲಕ್ಷಾಂತರ ಜನ ಮನೆ ಬಿಟ್ಟು ಸುರಕ್ಷಿತ ಸ್ಥಳ ಸೇರಿದರು. ಇಂದು ಕಂಪ್ಯೂಟರ್ ತಾನಾಗಿ ಮಾಡುವ ಕೆಲಸವನ್ನು ಅಂದು ಒಂದು ತೆಳು ಹಾಳೆ ಮಾಡಿತು.

ಮುಂದೆ ಗಾಳಿಯ ವೇಗವನ್ನೂ ಅಳೆಯುವ ಡಾಪ್ಲರ್ ರೇಡಾರ್ ಬಂತು. 1973ರ ಮೇ 24ರಂದು ಓಕ್ಲಹೋಮಾದ ಯೂನಿಯನ್ ಸಿಟಿಗೆ ಅಪ್ಪಳಿಸಿದ ಸುಂಟರಗಾಳಿಯನ್ನು ಈ ಬಗೆಯ ರೇಡಾರ್ ಹಿಡಿದಿತ್ತು. ಆದರೆ ಒಂದರ ಪಕ್ಕ ಒಂದು ವಿರುದ್ಧ ದಿಕ್ಕಿಗೆ ಬೀಸುವ ಗಾಳಿಯ ಸ್ಪಷ್ಟ ಗುರುತು ಕಂಡದ್ದು, ದಾಖಲಾದ ಅಂಕಿಗಳನ್ನು ನಂತರ ಪರಿಶೀಲಿಸಿದಾಗ. ಮಾಹಿತಿ ಕೈಯಲ್ಲಿತ್ತು, ಅದನ್ನು ಆ ಕ್ಷಣವೇ ಬಣ್ಣದಲ್ಲಿ ತೋರಿಸುವ ಯಂತ್ರ ಬೇಕಿತ್ತು.

1990ರ ದಶಕದಲ್ಲಿ ಅಮೆರಿಕದಾದ್ಯಂತ ಹರಡಿದ ಡಾಪ್ಲರ್ ಜಾಲ ಈ ಕೊರತೆ ನೀಗಿಸಿತು. ಮಳೆಯ ಚಿತ್ರಕ್ಕೆ 16 ಹಂತಗಳ ಬಣ್ಣ, ಅದಕ್ಕೆಂದೇ ರೂಪಿಸಿದ ವಿಶೇಷ ಯಂತ್ರ. ಕ್ರಮೇಣ ಆ ಯಂತ್ರಗಳು ಮೂಲೆ ಸೇರಿ, ಸಾಮಾನ್ಯ ಕಂಪ್ಯೂಟರುಗಳು ಅವುಗಳ ಜಾಗಕ್ಕೆ ಬಂದವು.

ಆಗ ಮತ್ತೊಂದು ತೊಡಕು ಎದುರಾಯಿತು. ರೇಡಾರ್ ಸುತ್ತಲ ಆಕಾಶವನ್ನು ಬೀಸಣಿಗೆಯ ಮಡಿಕೆಗಳಂತೆ ಹೋಳು ಮಾಡಿ ನೋಡುತ್ತದೆ. ಕಂಪ್ಯೂಟರ್ ಪರದೆಯಲ್ಲಿರುವುದು ಚೌಕಳಿ ಚುಕ್ಕಿಗಳು. ಒಂದು ಡಿಗ್ರಿ ಅಗಲ, ಒಂದು ಕಿಲೋಮೀಟರ್ ಉದ್ದದ ಹೋಳುಗಳಾದರೆ 460 ಕಿ.ಮೀ. ದೂರದವರೆಗೆ ಒಂದು ಸುತ್ತಿಗೆ 1,65,600 ಹೋಳು. 2008ರಲ್ಲಿ ಹೋಳಿನ ಅಗಲ ಅರ್ಧ ಡಿಗ್ರಿಗೆ, ಉದ್ದ 250 ಮೀಟರಿಗೆ ಇಳಿಯಿತು. ಲೆಕ್ಕ ಎಂಟು ಪಟ್ಟಾಗಿ 13 ಲಕ್ಷ ದಾಟಿತು. ಇಷ್ಟನ್ನು ಸರಸರನೆ ಬಿಡಿಸಲು ನೆರವಿಗೆ ಬಂದದ್ದು ಕಂಪ್ಯೂಟರ್ ಆಟಗಳಿಗಾಗಿ ಬೆಳೆದ ಗ್ರಾಫಿಕ್ಸ್ ಕಾರ್ಡು.

ಹಾಗಾದರೆ ಅತ್ಯಂತ ದುಬಾರಿ ಕಾರ್ಡೇ ಒಳ್ಳೆಯದೇ? ಹಾಗೇನಿಲ್ಲ. ಆಟದಲ್ಲಿ ಚಿತ್ರ ಸೆಕೆಂಡಿಗೆ ಹತ್ತಾರು ಬಾರಿ ಬದಲಾಗುತ್ತದೆ. ಆಕಾಶವನ್ನು ಕೆಳಗಿನಿಂದ ಮೇಲಿನವರೆಗೆ ಪೂರ್ತಿ ಜಾಲಿಸಲು ರೇಡಾರಿಗೆ ಹಲವು ನಿಮಿಷ ಬೇಕು. ಒತ್ತಿ ಕಟ್ಟಿದ ಮಾಹಿತಿಯನ್ನು ಬಿಚ್ಚುವುದು ಮುಖ್ಯ ಸಂಸ್ಕಾರಕದ ಕೆಲಸ. ಸಮತಲ ಚಿತ್ರಕ್ಕೆ ಸಾಧಾರಣ ಕಾರ್ಡು ಸಾಕು. ಮೋಡವನ್ನು ಮೂರು ಆಯಾಮದಲ್ಲಿ ಸೀಳಿ ನೋಡಬೇಕಾದಾಗ ಮಾತ್ರ ಕಾರ್ಡಿನ ಶಕ್ತಿ, ಸ್ಮರಣೆಗಳು ಹೆಚ್ಚಿರಬೇಕು.

ಭಾರತದಲ್ಲೂ ಡಾಪ್ಲರ್ ಯುಗ 2002ರಲ್ಲಿ ಚೆನ್ನೈಗೆ ಬಂದ ಜರ್ಮನ್ ರೇಡಾರಿನೊಂದಿಗೆ ಶುರುವಾಯಿತು. ಇಸ್ರೊ ಅಭಿವೃದ್ಧಿಪಡಿಸಿ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಸ್ವದೇಶಿ ರೇಡಾರ್ 2004ರಲ್ಲಿ ಶ್ರೀಹರಿಕೋಟದಲ್ಲಿ ಕೆಲಸ ಆರಂಭಿಸಿತು.

ಒಂದು ಎಚ್ಚರ ಮಾತ್ರ ಎಲ್ಲೆಡೆಗೂ ಅನ್ವಯ. ಒಂದು ಡಿಗ್ರಿ ಅಗಲದ ರೇಡಾರ್ ಕಿರಣ ನೂರು ಕಿ.ಮೀ. ದೂರ ಹೋಗುವಷ್ಟರಲ್ಲಿ ಸುಮಾರು 1.7 ಕಿ.ಮೀ. ಹರಡಿಕೊಂಡಿರುತ್ತದೆ. ಕಾರ್ಡು ಅಂಚುಗಳನ್ನು ನುಣುಪುಗೊಳಿಸಿ ಚೆಂದ ಮಾಡಬಹುದು. ಕಿರಣ ಕಾಣದ್ದನ್ನು ತೋರಿಸಲಾರದು. ಒರಟು ಚುಕ್ಕಿಗಳ ನಡುವಿನ ಸಣ್ಣ ಕೊಕ್ಕೆ ಆ ನುಣುಪಿನಲ್ಲಿ ಅಳಿಸಿಹೋಗಲೂಬಹುದು. ಸ್ಟ್ಯಾಗ್ಸ್ ಅವರ ಪರದೆಗೆ ಬಣ್ಣವಿರಲಿಲ್ಲ. ಆದರೂ ಕೊಕ್ಕೆ ಕಂಡಿತು, ಏಕೆಂದರೆ ನೋಡುವವರೊಬ್ಬರು ಎದುರಿಗಿದ್ದರು.