ನಿಘಂಟಿನಿಂದ ಹುಳದ ಮನೆಗೆ: ಇಂಗ್ಲಿಷ್ ಪದಸಂಪತ್ತು ಬೆಳೆದ ಹಾದಿ

ಕೊಳ್ಳೇಗಾಲದ ರೇಷ್ಮೆಗೂಡಿನ ವ್ಯಾಪಾರದಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು ‘ಬೈವೋಲ್ಟಿನ್’. ‘ಬೈ’ ಎಂದರೆ ಎರಡು. ‘ವೋಲ್ಟ’ ಎಂದರೆ ಇಟಲಿಯ ಭಾಷೆಯಲ್ಲಿ ಸಲ, ಸರದಿ. ವರ್ಷಕ್ಕೆ ಎರಡು ಪೀಳಿಗೆ ಕಾಣುವ ಹುಳು ಎಂದು ಅರ್ಥ. ನಮ್ಮ ಹಳೆಯ ಮೈಸೂರು ತಳಿ ವರ್ಷವಿಡೀ ಪೀಳಿಗೆಯ ಮೇಲೆ ಪೀಳಿಗೆ ಕಾಣುತ್ತದೆ, ಹಾಗಾಗಿ ಅದು ‘ಮಲ್ಟಿವೋಲ್ಟಿನ್’. ಪದವಿ ತರಗತಿಯವರೂ ತಡವರಿಸುವ ಪದವಿದು. ಶಾಲೆಯ ಮುಖ ನೋಡದ ರೈತರು ಇದನ್ನು ಸಲೀಸಾಗಿ ಆಡುತ್ತಾರೆ. ಅದೇ ಮನೆಯ ಮಕ್ಕಳು ಸಂಜೆ ಕೂತು ಊರಿಗೆ ಸಂಬಂಧವಿಲ್ಲದ ‘ಹಾರ್ಡ್ ವರ್ಡ್ಸ್’ ಉರು ಹೊಡೆಯುತ್ತಾರೆ. ಮನೆಯ ಮಾತಿಗೂ ಶಾಲೆಯ ಪದಕ್ಕೂ ಇಷ್ಟು ಅಂತರ ಹೇಗೆ ಬಿದ್ದಿತೆಂದು ತಿಳಿಯಲು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಕಂಪನಿಯ ಕೈಸೇರಿ, ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1956ರವರೆಗೂ ಹಾಗೆಯೇ ಇತ್ತು. ಇಂದಿನ ಹನೂರು ಆಗ ಕೊಳ್ಳೇಗಾಲದೊಳಗೇ ಇತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದು, ಮೈಸೂರಿನ ಸೀಮೆಯಲ್ಲೇ ಉಳಿಯಿತು. ಹೀಗೆ ನೆರೆಹೊರೆಯ ಊರುಗಳಿಗೆ ಇಂಗ್ಲಿಷು ಬಂದದ್ದು ಎರಡು ದಾರಿಯಿಂದ: ಒಂದು ಮದ್ರಾಸಿನದು, ಇನ್ನೊಂದು 1833ರಲ್ಲಿ ಮೈಸೂರಿನಲ್ಲಿ ಅರಸರು ಉಚಿತ ಇಂಗ್ಲಿಷ್ ಶಾಲೆ ತೆರೆದ ದಾರಿ.

ದೊಡ್ಡ ನಿಘಂಟುಗಳು ಹುಟ್ಟಿದ್ದು ಈ ಕಾಲದಲ್ಲೇ. ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ಕೋಶ 1824ರಲ್ಲಿ, ಕನ್ನಡ-ಇಂಗ್ಲಿಷ್ ಕೋಶ 1832ರಲ್ಲಿ ಬಂದವು. ಕಿಟೆಲ್ ಅವರ ಮಹಾಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕಿಟೆಲ್ಲರ ದುಡಿಮೆಗೆ ಕೈಮುಗಿಯಲೇಬೇಕು. ಗಾದೆಗಳನ್ನೂ ಬಿಡದೆ ಸಂಗ್ರಹಿಸಿದವರು ಅವರು. ಆದರೆ ಈ ಕೋಶಗಳು ಮುಖ್ಯವಾಗಿ ಕನ್ನಡ ಕಲಿಯಬೇಕಾದ ಪಾದ್ರಿಗಳಿಗೂ ಅಧಿಕಾರಿಗಳಿಗೂ ಆದವು. ಇಂಗ್ಲಿಷು ಕಲಿಯಹೊರಟ ಕನ್ನಡದ ಹುಡುಗ ಅವನ್ನು ಹಿಂದುಮುಂದಾಗಿ ಓದಬೇಕಿತ್ತು. ಕನ್ನಡದ ಓದುಗನನ್ನು ಕಣ್ಣ ಮುಂದಿಟ್ಟುಕೊಂಡ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂದದ್ದು 1946ರಲ್ಲಿ. ಜಿ. ವೆಂಕಟಸುಬ್ಬಯ್ಯನವರಂಥವರು ಆ ಕೆಲಸವನ್ನು ಮುಂದುವರಿಸಿದರು.

ಅಷ್ಟರಲ್ಲಿ ಪ್ರಶ್ನೆ ಬದಲಾಗಿತ್ತು. ಯಾವ ಪದ ಮೊದಲು ಕಲಿಯಬೇಕು? ಢಾಕಾದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್, ಬಂಗಾಳದ ಮಕ್ಕಳು ಓದಲು ಪಡುವ ಪಾಡು ಕಂಡವರು. ಬಳಕೆಯ ಲೆಕ್ಕ ಹಿಡಿದು ಸುಮಾರು 2,000 ಪದಗಳ ಪಟ್ಟಿಯನ್ನು ಅವರು 1953ರಲ್ಲಿ ಹೊರತಂದರು. ಪಠ್ಯಪುಸ್ತಕಗಳಲ್ಲಿ ಪಾಠಕ್ಕಿಷ್ಟೇ ಹೊಸ ಪದವೆಂಬ ಕಟ್ಟುಪಾಡು ಬಲವಾದದ್ದು ಈ ಚಿಂತನೆಯಿಂದ. ಇನ್ನೊಂದು ಕಡೆ, 1949ರಲ್ಲಿ ಅಮೆರಿಕದ ನಾರ್ಮನ್ ಲೂಯಿಸ್ ‘ವರ್ಡ್ ಪವರ್ ಮೇಡ್ ಈಸಿ’ ಬರೆದು, ಲ್ಯಾಟಿನ್ ಮತ್ತು ಗ್ರೀಕ್ ಬೇರು ಹಿಡಿದರೆ ಹತ್ತು ಪದ ಒಟ್ಟಿಗೆ ಕೈಗೆ ಬರುತ್ತವೆಂದು ತೋರಿಸಿದರು. ನಮ್ಮಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರ ಕೈಯಲ್ಲಿ ಆ ಪುಸ್ತಕ ಇಂದಿಗೂ ಕಾಣುತ್ತದೆ.

1979ರಿಂದ 1984ರವರೆಗೆ ಬೆಂಗಳೂರಿನಲ್ಲಿ ಎನ್.ಎಸ್. ಪ್ರಭು ನಡೆಸಿದ ಪ್ರಯೋಗ ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರಕ್ಕೆ ಕರ್ನಾಟಕ ಕೊಟ್ಟ ದೊಡ್ಡ ಕಾಣಿಕೆ. ಪದಪಟ್ಟಿ, ವ್ಯಾಕರಣದ ಸೂತ್ರ ಬದಿಗಿಟ್ಟು, ನಕ್ಷೆ ಓದುವುದು, ರೈಲಿನ ವೇಳಾಪಟ್ಟಿಯಿಂದ ಉತ್ತರ ಹುಡುಕುವುದು, ಇಂಥ ಕೆಲಸಗಳನ್ನು ಅವರು ಮಕ್ಕಳಿಗೆ ಕೊಟ್ಟರು. ಗಮನ ಕೆಲಸದ ಮೇಲಿರುವಾಗ ಭಾಷೆ ತಾನಾಗಿ ಹತ್ತುತ್ತದೆ ಎಂಬುದು ಅವರ ನಂಬಿಕೆ. ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಅದು ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳ ಬಾಯಲ್ಲಿದೆ. ಬೆಂಗಳೂರಿನಲ್ಲಿ ಹುಟ್ಟಿದ ಆ ಬೆಳಕು ನಮ್ಮ ತಾಲ್ಲೂಕುಗಳ ತರಗತಿಯೊಳಗೆ ಅಷ್ಟಾಗಿ ಬೀಳಲಿಲ್ಲ ಎಂಬ ಕೊರಗು ನನಗಿದೆ.

ಎಣಿಕೆ ಮಾತ್ರ ನಿಲ್ಲಲಿಲ್ಲ. 2000ದಲ್ಲಿ ಎವರಿಲ್ ಕಾಕ್ಸ್‌ಹೆಡ್ ಉನ್ನತ ಓದಿಗೆ ಬೇಕಾದ 570 ಪದಕುಟುಂಬಗಳನ್ನು (ಒಂದು ಮೂಲಪದ ಮತ್ತು ಅದರ ರೂಪಗಳು ಸೇರಿ ಒಂದು ಕುಟುಂಬ) ಆರಿಸಿದರು. ಪತ್ರಿಕೆ, ಕಾದಂಬರಿಯನ್ನು ಯಾರ ನೆರವೂ ಇಲ್ಲದೆ ಓದಲು 8ರಿಂದ 9 ಸಾವಿರ ಪದಕುಟುಂಬ ಬೇಕೆಂದು 2006ರಲ್ಲಿ ಪಾಲ್ ನೇಶನ್ ಲೆಕ್ಕ ಕೊಟ್ಟರು. ನಮ್ಮ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷು ಬಂದದ್ದೂ ಅದರ ಹಿಂದೆಯೇ, 2007-08ರಲ್ಲಿ. ನೋಟ್‌ಬುಕ್ಕಿನ ಗೆರೆ ಬದಲಾಗಲಿಲ್ಲ: ಎಡಕ್ಕೆ ಪದ, ಬಲಕ್ಕೆ ಒಂದು ಅರ್ಥ.

ಆ ಒಂದೇ ಅರ್ಥ ಎಷ್ಟು ಸಾಲದು ಎಂಬುದಕ್ಕೆ ಬೆಟ್ಟದ ಕಡೆ ನೋಡಿ. ಬಿಳಿಗಿರಿರಂಗನಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿಯ ಪೋಡುಗಳಲ್ಲಿ, ಎಂದರೆ ಕಾಡಿನ ಹಾಡಿಗಳಲ್ಲಿ, ಬಾಳುವ ಸೋಲಿಗರಿಗೆ ಸಮುದಾಯ ಅರಣ್ಯಹಕ್ಕಿನ ಮನ್ನಣೆಯೂ ಸಿಕ್ಕಿತು. ‘ಟೈಟಲ್’ ಎಂದರೆ ಶಾಲೆಯಲ್ಲಿ ಪಾಠದ ತಲೆಬರಹ, ಪೋಡಿನಲ್ಲಿ ಹಕ್ಕುಪತ್ರ. ‘ಕ್ಲೇಮ್’ ಎಂದರೆ ನೋಟ್‌ಬುಕ್ಕಿನಲ್ಲಿ ಬೇಡಿಕೆ. ಅರಣ್ಯಹಕ್ಕು ಕಾಯ್ದೆಯಲ್ಲಿ, ಮೊದಲಿನಿಂದಲೂ ತನ್ನದಾಗಿರುವುದನ್ನು ತನ್ನದೆಂದು ಮುಂದಿಡುವುದು. ಎರಡೂ ಸುಲಭ ಪದಗಳೇ. ಅವುಗಳ ಆಳ ತಿಳಿಯುವುದನ್ನೇ ನಾನು ಉನ್ನತ ಪದಸಂಪತ್ತು ಎನ್ನುತ್ತೇನೆ. ಅಪರೂಪದ ಪದಗಳ ಗುಡ್ಡೆಯನ್ನಲ್ಲ.

ಈಗ ಫೋನಿನಲ್ಲೇ ಎಲ್ಲವೂ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳ ಕನ್ನಡ-ಇಂಗ್ಲಿಷ್ ಕೋಶ ‘ಅಲರ್’ ಎಲ್ಲರಿಗೂ ಉಚಿತ. ತನಗೆ ಗೊತ್ತಿರುವ ಕನ್ನಡದಿಂದ ಹೊರಟು ಇಂಗ್ಲಿಷಿಗೆ ಹೋಗುವ ದಾರಿ ಕೊನೆಗೂ ಮಗುವಿನ ಅಂಗೈಗೆ ಬಂದಿದೆ. ಆದರೂ ಹುಳದ ಮನೆಯ ಮಾತುಗಳನ್ನು ತರಗತಿಗೆ ತರುವ ಕೆಲಸವನ್ನು ಯಾವ ಕೋಶವೂ ಮಾಡಲಾರದು. ಅದನ್ನು ಇಲ್ಲಿಯ ಮೇಷ್ಟ್ರುಗಳೇ ಮಾಡಬೇಕು.

ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತರೆ ನಮ್ಮವರು ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಆ ಮನೆಯ ಹುಡುಗಿ ಇದನ್ನು ‘ಫೀವರ್’ ಎಂದು ಬರೆದರೆ ತಪ್ಪು, ಅದು ‘ಮೋಲ್ಟ್’. ಹಕ್ಕಿ ಗರಿ ಉದುರಿಸುವುದಕ್ಕೂ ಏಡಿ ಚಿಪ್ಪು ಕಳಚುವುದಕ್ಕೂ ಅದೇ ಪದ. ನಾಲ್ಕು ಜ್ವರ ಕಳೆದ ಹುಳು ಮೈ ತಿಳಿಯಾಗಿ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಸಿದ್ಧವಾದಾಗ ಅವಳ ಅಜ್ಜಿ ‘ಹಣ್ಣಾಯ್ತು’ ಎನ್ನುತ್ತಾಳೆ. ಇದನ್ನು ಆ ಹುಡುಗಿ ಹೆದರದೆ ‘ರೈಪ್’ ಎಂದು ಬರೆಯಬಹುದು. ಇಂಗ್ಲಿಷಿನ ರೇಷ್ಮೆ ಪುಸ್ತಕಗಳಲ್ಲೂ ಆ ಹುಳು ‘ರೈಪ್ ವರ್ಮ್’.