ತುರಂಗಪ್ರವೇಶದ ವಿಧಿಗಳು: ಬೆಳಗಾಂವಿ ಸೀಮೆಯನ್ನು ಕುರಿತು ಒಂದು ವಿಚಾರ

ಕೃಷ್ಣಾನದಿಯ ಬಯಲಿನಲ್ಲಿರುವ ಉಗಾರ ಬುದ್ರುಕವೆಂಬ ಗ್ರಾಮವು ಬೆಳಗಾಂವಿ ಜಿಲ್ಲೆಯ ಅಥಣಿ ತಾಲೂಕಿಗೆ ಸೇರಿದ್ದು, ಕಾಗವಾಡವು ಪ್ರತ್ಯೇಕ ತಾಲೂಕಾದ ಮೇಲೆ ಅದಕ್ಕೆ ಸೇರಿತು. 'ಬುದ್ರುಕ', 'ಖುರ್ದ' ಎಂಬ ವಿಶೇಷಣಗಳು ಪಾರಸಿಯ 'ಬುಜುರ್ಗ', 'ಖುರ್ದ' ಎಂಬ ಶಬ್ದಗಳಿಂದ ಬಂದವು. ಹಿರಿಯ ಊರು, ಕಿರಿಯ ಊರು ಎಂಬುದೇ ಇವುಗಳ ಅರ್ಥ. ಕಂದಾಯದ ದಫ್ತರವು ಊರುಗಳಿಗೆ ಹೀಗೆ ಒಂದೊಂದು ಗುರುತನ್ನು ಅಂಟಿಸಿದಂತೆ, ತುರಂಗದ ದಫ್ತರವು ತನ್ನ ಬಾಗಿಲಿಗೆ ಬಂದ ಪ್ರತಿಯೊಬ್ಬ ಮನುಷ್ಯನಿಗೂ ಒಂದು ಗುರುತನ್ನು ಅಂಟಿಸುತ್ತದೆ. ಆ ಬರವಣಿಗೆಯು ಹೇಗೆ ನಡೆಯುತ್ತಿದ್ದಿತು, ಅದರಿಂದ ಬಂದಿಗೆ ಯಾವ ರಕ್ಷಣೆ ದೊರೆಯಿತು, ಯಾವ ಅನ್ಯಾಯವು ಅದರೊಳಗೆ ಸೇರಿಕೊಂಡಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಬೇಕೆಂದು ಉದ್ದೇಶಿಸಿದೆ.

ಮೊದಲು ಶಬ್ದಗಳ ಮಾತು. ಈ ಸೀಮೆಯ ಜನರ ಬಾಯಲ್ಲಿರುವ 'ತುರಂಗ'ವು ಮರಾಠಿಯ 'ತುರುಂಗ'ದಿಂದ ಬಂದುದು. ಅದರ ಮೂಲವು ಪೋರ್ತುಗೀಜರ 'ತ್ರೋಂಕು' ಎಂಬ ಮಾತೆಂದು ಭಾಷಾಜ್ಞರು ಹೇಳುತ್ತಾರೆ. 'ಕೈದಿ'ಯು ಅರಬ್ಬಿಯಿಂದ ಹುಟ್ಟಿದುದು. 'ಜೇಲು', 'ವಾರಂಟು'ಗಳು ಇಂಗ್ಲಿಷಿನವು. 'ಸೆರೆ'ಯೊಂದು ಮಾತ್ರ ನಮ್ಮದು. ಬಂಧಿಸುವ ಅಧಿಕಾರವು ಎಷ್ಟು ಕೈಗಳನ್ನು ದಾಟಿ ಬಂದಿದೆಯೆಂಬುದಕ್ಕೆ ಈ ನಾಲ್ಕೈದು ಶಬ್ದಗಳೇ ಸಾಕ್ಷಿ.

ಉಗಾರ ಬುದ್ರುಕದಂತಹ ಗ್ರಾಮದಲ್ಲಿ ತುರಂಗವಿರುವುದಿಲ್ಲ. ಆದರೆ ತುರಂಗದ ದಾರಿಯು ಅಲ್ಲಿಂದಲೇ ಮೊದಲಾಗುತ್ತದೆ. ೧೮೬೭ನೆಯ ಇಸವಿಯ ಮುಂಬಯಿ ಗ್ರಾಮಪೋಲೀಸ ಕಾಯದೆಯಂತೆ ಆ ಇಲಾಖೆಯ ಹಳ್ಳಿಗಳಲ್ಲಿ ಅಪರಾಧದ ಸುದ್ದಿಯನ್ನು ಮೇಲಕ್ಕೆ ತಿಳಿಸುವ ಮತ್ತು ಅಪರಾಧಿಯನ್ನು ಹಿಡಿದುಕೊಡುವ ಹೊಣೆಯು ಪೋಲೀಸ ಪಾಟೀಲನದಾಗಿದ್ದಿತು. ಚಾವಡಿಯಿಂದ ಹೊರಟವನು ಪೋಲೀಸರ ಠಾಣೆಗೂ, ಠಾಣೆಯಿಂದ ಮ್ಯಾಜಿಸ್ಟ್ರೇಟರ ಮುಂದಕ್ಕೂ ಹೋಗಬೇಕು. ಅಪ್ಪಣೆಯಿಲ್ಲದೆ ಪೋಲೀಸರು ಯಾರನ್ನೂ ೨೪ ಘಂಟೆಗಳಿಗಿಂತ ಹೆಚ್ಚುಕಾಲ ತಮ್ಮ ವಶದಲ್ಲಿಟ್ಟುಕೊಳ್ಳಕೂಡದೆಂದು ೧೮೯೮ರ ದಂಡಪ್ರಕ್ರಿಯಾ ಕಾಯದೆಯು ವಿಧಿಸಿದ್ದಿತು; ಅದೇ ನಿಯಮವು ೧೯೫೦ರ ಸಂವಿಧಾನದ ೨೨ನೆಯ ಅನುಚ್ಛೇದದಲ್ಲಿ ಮೂಲಭೂತವಾದ ಹಕ್ಕಾಯಿತು. ಈ ಭಾಗದಲ್ಲಿ ಇನ್ನೊಂದು ತೊಡಕೂ ಇದ್ದಿತು. ಬ್ರಿಟಿಷರ ತಾಲೂಕುಗಳ ನಡುನಡುವೆ ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ ಮುಂತಾದ ಪಟವರ್ಧನ ಸಂಸ್ಥಾನಗಳ ಹಳ್ಳಿಗಳು ಚದರಿಕೊಂಡಿದ್ದುವು. ಗದ್ದೆಯ ಒಂದು ಬದುವಿನ ಈಚೆಗೆ ಸಿಕ್ಕಿದವನು ಒಂದು ಸರಕಾರದ ನ್ಯಾಯಾಸ್ಥಾನಕ್ಕೂ, ಆಚೆಗೆ ಸಿಕ್ಕಿದವನು ಮತ್ತೊಂದು ದರಬಾರಿನ ನ್ಯಾಯಾಸ್ಥಾನಕ್ಕೂ ಒಳಪಡುತ್ತಿದ್ದನು. ೧೯೪೮ರ ಮಾರ್ಚಿ ತಿಂಗಳಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆಯೇ ಈ ಭೇದವು ಅಳಿಯಿತು.

ಇನ್ನು ತುರಂಗದ ಬಾಗಿಲಿಗೆ ಬರೋಣ. ಬೆಳಗಾಂವಿ ಪಟ್ಟಣದ ಮಗ್ಗುಲಲ್ಲಿರುವ ಹಿಂಡಲಗಾ ತುರಂಗವು ೧೯೨೩ರಲ್ಲಿ ನಿರ್ಮಿತವಾಯಿತು. ಆ ವೇಳೆಗೆ ಬಂದಿಯ ಪ್ರವೇಶದ ಕ್ರಮವು ಬ್ರಿಟಿಷ್ ಹಿಂದುಸ್ಥಾನದಲ್ಲೆಲ್ಲ ಒಂದು ರೂಪಕ್ಕೆ ಬಂದಿದ್ದಿತು. ಅದಕ್ಕೆ ಆಧಾರಗಳು ಎರಡು: ೧೮೯೪ರ ೯ನೆಯ ಕಾಯದೆಯಾದ ಕಾರಾಗೃಹಗಳ ಕಾಯದೆ, ೧೯೦೦ರ ೩ನೆಯ ಕಾಯದೆಯಾದ ಬಂದಿಗಳ ಕಾಯದೆ. ಎರಡನೆಯದು ಹೇಳುವ ಮೊದಲ ಮಾತು ಬಹು ಮುಖ್ಯವಾದುದು. ತುರಂಗದ ಅಧಿಕಾರಿಯು ನ್ಯಾಯಾಸ್ಥಾನದ ವಾರಂಟು ಅಥವಾ ಆಜ್ಞೆಯಲ್ಲಿ ಹೇಳಿರುವಷ್ಟು ಮಟ್ಟಿಗೆ ಮಾತ್ರ ಮನುಷ್ಯನನ್ನು ಸ್ವೀಕರಿಸಿ ಇಟ್ಟುಕೊಳ್ಳಬೇಕು. ಆ ಆಜ್ಞೆಯು ನೆರವೇರಿದ ಅಥವಾ ಬಂದಿಯು ಬಿಡುಗಡೆಯಾದ ಕೂಡಲೆ ಅದರ ಮೇಲೆ ಷರಾ ಬರೆದು ರುಜುಮಾಡಿ, ಕಳುಹಿಸಿದ ನ್ಯಾಯಾಸ್ಥಾನಕ್ಕೆ ಹಿಂದಿರುಗಿಸಬೇಕು. ಎಂದಮೇಲೆ ಬಾಗಿಲಲ್ಲಿ ಮೊದಲು ಪರೀಕ್ಷೆಗೆ ಒಳಗಾಗುವುದು ಕಾಗದ, ಅನಂತರ ಮನುಷ್ಯ. ಹೆಸರು, ತಂದೆಯ ಹೆಸರು, ಊರು, ಅಪರಾಧದ ಕಲಮು, ಶಿಕ್ಷೆಯ ಅವಧಿ, ಮ್ಯಾಜಿಸ್ಟ್ರೇಟರ ರುಜು, ಮೊಹರು ಇವೆಲ್ಲವೂ ತಾಳೆಯಾದರಲ್ಲದೆ ಒಳಕ್ಕೆ ಬಿಡಲಾಗದು.

ಈ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಂಧನಾಗಾರವು ಸ್ತ್ರೀಪುರುಷರಿಗೆ ಬೇರೆಬೇರೆ ಸ್ಥಾನಗಳುಳ್ಳದ್ದಾಗಿರಬೇಕೆಂದು ವಿಧಿಸಿದೆ. ಕಾರಣವನ್ನು ತಿಳಿಸದೆ ಒಬ್ಬನನ್ನು ಸೆರೆಯಲ್ಲಿಟ್ಟ ಬಂಧನಾಗಾರಾಧ್ಯಕ್ಷನಿಗೆ ೨೪ ಪಣಗಳ ದಂಡವೆಂದು ಶಾಸ್ತ್ರಿಗಳು ತಮ್ಮ ಇಂಗ್ಲಿಷು ಅನುವಾದದಲ್ಲಿ ಅರ್ಥಮಾಡಿದ್ದಾರೆ. ಆ ಪಂಕ್ತಿಯ ಪಾಠದಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿದ್ದರೂ, ಸೆರೆಯ ಅಧಿಕಾರಿಯೂ ದಂಡಾರ್ಹನೆಂಬ ಭಾವನೆಯು ಆ ಪ್ರಕರಣದಲ್ಲೆಲ್ಲ ಸ್ಪಷ್ಟವಾಗಿದೆ.

ಕಾಗದವು ಸರಿಯೆಂದು ಕಂಡ ಮೇಲೆ ಶೋಧನೆ. ೧೮೯೪ರ ಕಾಯದೆಯ ೨೪ನೆಯ ಕಲಮಿನಂತೆ ಒಳಬಂದ ಪ್ರತಿಯೊಬ್ಬನ ಮೈಯನ್ನೂ ಶೋಧಿಸಿ ಆಯುಧಗಳನ್ನೂ ನಿಷಿದ್ಧ ಪದಾರ್ಥಗಳನ್ನೂ ತೆಗೆದುಕೊಳ್ಳಬೇಕು. ಸ್ತ್ರೀಯರ ಶೋಧನೆಯನ್ನು ಮೇಟ್ರನ್ ಎಂಬ ಸ್ತ್ರೀ ಅಧಿಕಾರಿಯೇ ಮಾಡತಕ್ಕದ್ದು. ೨೫ನೆಯ ಕಲಮಿನಂತೆ ಬಂದಿಯ ಹಣ ಮತ್ತು ಒಡವೆಗಳು ಜೇಲರನ ವಶದಲ್ಲಿರಬೇಕು. ೧೨ನೆಯ ಕಲಮಿನಂತೆ ಅವುಗಳಿಗಾಗಿಯೇ ಒಂದು ಪುಸ್ತಕವನ್ನಿಡಬೇಕು. ಉಡಿದಾರ, ಉಂಗುರ, ನಾಲ್ಕು ಕಾಸು ಇಷ್ಟನ್ನು ಬರೆದಿಡುವುದು ಅಲ್ಪಕಾರ್ಯವೆಂದು ವಾಚಕರಿಗೆ ತೋರಬಹುದು. ಆದರೆ ಮೈಮೇಲಿನ ವಸ್ತುವನ್ನು ಕಸಿದುಕೊಳ್ಳುವುದು ಎಂತಹ ಸೂಕ್ಷ್ಮವಿಷಯವೆಂಬುದನ್ನು ಸರಕಾರವು ೧೮೫೫ರಲ್ಲಿ ಬಿಹಾರದ ಆರಾ ಮತ್ತು ಮುಜಫ್ಫರಪುರಗಳಲ್ಲಿ ಕಲಿತುಕೊಂಡಿತು. ಅಲ್ಲಿ ಬಂದಿಗಳ ಹಿತ್ತಾಳೆಯ ತಂಬಿಗೆಗಳನ್ನು ತೆಗೆದುಕೊಂಡು ಮಣ್ಣಿನ ಪಾತ್ರೆಗಳನ್ನು ಕೊಟ್ಟುದಕ್ಕಾಗಿ ದೊಂಬಿಗಳೇ ಎದ್ದುವು. ಮಡಿಮೈಲಿಗೆಯ ಕಾರಣದಿಂದ ಜನರಿಗೆ ಆ ತಂಬಿಗೆಯು ಪಾತ್ರೆಮಾತ್ರವಾಗಿರಲಿಲ್ಲ.

ಶೋಧನೆಯ ಬೆನ್ನಲ್ಲೆ ವೈದ್ಯಪರೀಕ್ಷೆ ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕ್ರಮದ ಜೀವಾಳವು ಇದೇ. ಬಂದಿಯು ಬಂದ ಮೇಲೆ ಆದಷ್ಟು ಬೇಗ ವೈದ್ಯಾಧಿಕಾರಿಯ ಆಜ್ಞೆಯ ಮೇರೆಗೆ ಅವನ ಪರೀಕ್ಷೆಯಾಗಬೇಕು. ಅವನ ಆರೋಗ್ಯಸ್ಥಿತಿ, ಮೈಮೇಲಿನ ಗಾಯಗಳು ಮತ್ತು ಗುರುತುಗಳು, ಕಠಿಣಶಿಕ್ಷೆಯಾಗಿದ್ದಲ್ಲಿ ಎಂತಹ ದುಡಿಮೆಗೆ ತಕ್ಕವನೆಂಬುದು, ಇವೆಲ್ಲ ಜೇಲರನ ಬಳಿಯಿರುವ ಪುಸ್ತಕದಲ್ಲಿ ಲಿಖಿತವಾಗಬೇಕು. ಇಲ್ಲಿ 'ಗಾಯಗಳು' ಎಂಬ ಒಂದು ಮಾತಿನ ಬೆಲೆಯನ್ನು ಗಮನಿಸಬೇಕು. ಠಾಣೆಯಿಂದ ಬಂದವನ ಬೆನ್ನಿನ ಮೇಲೆ ಬಾಸುಂಡೆಯಿದ್ದು, ಅದು ಪ್ರವೇಶದ ದಿನವೇ ಪುಸ್ತಕಕ್ಕೆ ಏರಿದರೆ, ಪೆಟ್ಟು ತುರಂಗದಲ್ಲಿ ಬಿದ್ದುದಲ್ಲ, ಹೊರಗೆ ಬಿದ್ದುದು ಎಂಬುದಕ್ಕೆ ಪುರಾವೆಯಾಯಿತು. ಏರದೆ ಹೋದರೆ ಹೊಣೆಯು ತುರಂಗದ ತಲೆಗೆ ಬರುತ್ತದೆ. ಎರಡು ಇಲಾಖೆಗಳ ನಡುವೆ ಬಡವನ ಮೈಯು ಹೀಗೆ ಲೆಕ್ಕಕ್ಕೆ ಸೇರುವುದು ಕಠೋರವಾಗಿ ಕಂಡರೂ, ಆ ಲೆಕ್ಕವಿಲ್ಲದಿದ್ದರೆ ಅವನ ಪೆಟ್ಟಿಗೆ ಸಾಕ್ಷಿಯೇ ಇರಲಾರದು. ಬಂಧನಕಾಲದಲ್ಲಿಯೇ ದೇಹವನ್ನು ಪರೀಕ್ಷಿಸಿ ಗಾಯಗಳನ್ನು ಬರೆದಿಡಬೇಕೆಂದು ಸರ್ವೋಚ್ಚನ್ಯಾಯಾಲಯವು ೧೯೯೬ರ ಡಿಸೆಂಬರದಲ್ಲಿ ಡಿ. ಕೆ. ಬಸು ಅವರ ವ್ಯಾಜ್ಯದಲ್ಲಿ ಪೋಲೀಸರಿಗೆ ವಿಧಿಸಿದುದು ಇದೇ ತತ್ತ್ವದ ಮೇಲೆ. ತುರಂಗದ ಬಾಗಿಲಲ್ಲಿ ಅದು ಒಂದು ಶತಮಾನದ ಹಿಂದೆಯೇ ಇದ್ದಿತು.

ಇದೇ ಪುಸ್ತಕದಿಂದ ಹುಟ್ಟುವುದು 'ಹಿಸ್ಟರಿ ಟಿಕೀಟು' ಎಂಬ ಚೀಟಿ. ದುಡಿಯುವ ಪ್ರತಿಯೊಬ್ಬ ಬಂದಿಯ ತೂಕವನ್ನೂ ಹದಿನೈದು ದಿನಗಳಿಗೆ ಒಮ್ಮೆಯಾದರೂ ಈ ಚೀಟಿಯ ಮೇಲೆ ಬರೆಯಿಸಬೇಕೆಂದು ೩೫ನೆಯ ಕಲಮು ಹೇಳುತ್ತದೆ. ಮೊದಲ ದಿನದ ದೇಹಸ್ಥಿತಿಯು ಪುಸ್ತಕದಲ್ಲಿದ್ದು ಆಮೇಲಿನ ತೂಕಗಳು ಚೀಟಿಯಲ್ಲಿದ್ದರೆ, ಗಾಣ ತಿರುಗಿಸುತ್ತ ಕಲ್ಲು ಒಡೆಯುತ್ತ ಮನುಷ್ಯನು ಎಷ್ಟು ಸವೆದನೆಂಬುದು ಅಂಕೆಗಳಿಂದಲೇ ಹೊರಬೀಳುತ್ತದೆ. ಆದಕಾರಣ ಪ್ರವೇಶದ ನಮೂದನ್ನು ಸರಕಾರವು ಒಬ್ಬ ಮನುಷ್ಯನನ್ನು ವಹಿಸಿಕೊಂಡುದಕ್ಕೆ ತಾನೇ ಬರೆದುಕೊಟ್ಟ ಪಾವತಿಯೆಂದು ಭಾವಿಸತಕ್ಕದ್ದು. ಯಾರ ಆಜ್ಞೆಯಿಂದ ಬಂದನು, ಯಾವ ಸ್ಥಿತಿಯಲ್ಲಿ ಬಂದನು, ಏನನ್ನು ತಂದನು, ಎಂದು ಹಿಂದಿರುಗತಕ್ಕವನು: ಪಾವತಿಯಲ್ಲಿರಬೇಕಾದುದು ಇಷ್ಟೇ.

ಬರವಣಿಗೆಯು ಪುಸ್ತಕಕ್ಕೆ ಸೇರುವ ಮೊದಲು ಎಲ್ಲಿದ್ದಿತೆಂಬುದನ್ನು ನೋಡಿದರೆ ಈ ಮಾರ್ಪಾಡಿನ ಮಹತ್ವವು ತಿಳಿದೀತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಂಗಾಳ ಮತ್ತು ಮದರಾಸು ಇಲಾಖೆಗಳಲ್ಲಿ ಜನ್ಮಾವಧಿ ಶಿಕ್ಷೆ ಹೊಂದಿದವರ ಹಣೆಯ ಮೇಲೆ ಹಚ್ಚೆಯಿಂದ ಅವರ ಅಪರಾಧವನ್ನು ಚುಚ್ಚುತ್ತಿದ್ದರು. 'ಗೋದನಾ' ಎಂಬ ಈ ಪದ್ಧತಿಯು ೧೮೪೯ರಲ್ಲಿ ರದ್ದಾಯಿತು. ಹಣೆಯ ಬರಹವೆಂಬ ನಮ್ಮವರ ಮಾತು ಅಲ್ಲಿ ಅಕ್ಷರಶಃ ನಿಜವಾಗಿದ್ದಿತು! ಆಮೇಲೆ ಗುರುತು ಕಾಗದದ ಪಾಲಾಯಿತು. ೧೮೯೭ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯು ಸ್ಥಾಪಿತವಾಯಿತು. ೧೯೨೦ರ ಬಂದಿಗಳ ಗುರುತಿನ ಕಾಯದೆಯು ಅಳತೆ ಮತ್ತು ಭಾವಚಿತ್ರಗಳನ್ನು ತೆಗೆಯುವುದಕ್ಕೆ ಅಧಿಕಾರಕೊಟ್ಟಿತು. ೨೦೨೨ರ ಕಾಯದೆಯೊಂದು ಅದರ ಸ್ಥಾನಕ್ಕೆ ಬಂದು ಕಣ್ಣಿನ ಪಾಪೆಯವರೆಗೆ ಅಧಿಕಾರವನ್ನು ವಿಸ್ತರಿಸಿದೆ.

ಪರೀಕ್ಷೆಯಾದವರನ್ನು ವಿಂಗಡಿಸುವುದು ಮುಂದಿನ ಕೆಲಸ. ೨೭ನೆಯ ಕಲಮಿನಂತೆ ಸ್ತ್ರೀಯರು ಪುರುಷರಿಂದಲೂ, ಎಳೆಯರು ಬೆಳೆದವರಿಂದಲೂ, ವಿಚಾರಣೆಯಲ್ಲಿರುವವರು ಶಿಕ್ಷೆಹೊಂದಿದವರಿಂದಲೂ, ದಿವಾಣಿ ಬಂದಿಗಳು ಫೌಜದಾರಿಯವರಿಂದಲೂ ಪ್ರತ್ಯೇಕವಾಗಿರತಕ್ಕದ್ದು. ವಿಚಾರಣೆ ಮುಗಿಯದವನು ತನ್ನ ಖರ್ಚಿನಿಂದ ಅನ್ನವಸ್ತ್ರಗಳನ್ನು ತರಿಸಿಕೊಳ್ಳುವುದಕ್ಕೆ ೩೧ನೆಯ ಕಲಮು ಅವಕಾಶಕೊಟ್ಟಿತು. ಅಪರಾಧವು ಸಿದ್ಧವಾಗದೆ ಇರುವವನು ನಿರಪರಾಧಿಯೆಂಬ ತತ್ತ್ವಕ್ಕೆ ಅದು ಗೌರವಕೊಟ್ಟ ರೀತಿ. ೨೦೨೨ರ ಅಂತ್ಯದ ಸರಕಾರೀ ಲೆಕ್ಕದಂತೆ ಭಾರತದ ಬಂದಿಗಳಲ್ಲಿ ಮುಕ್ಕಾಲುಪಾಲು ಜನರು ಇಂತಹ ವಿಚಾರಣಾಧೀನರೇ ಎಂಬುದನ್ನು ನೆನೆದರೆ, ಈ ವಿಂಗಡಣೆಯು ಕಾಗದದ ಮೇಲೆ ಎಷ್ಟು ಸುಲಭವೋ ಬರಾಕುಗಳಲ್ಲಿ ಅಷ್ಟೇ ಕಷ್ಟವೆಂಬುದು ಸ್ಪಷ್ಟವಾಗುತ್ತದೆ.

ಅಸಹಕಾರದ ಮತ್ತು ಕಾಯದೆಭಂಗದ ಚಳವಳಿಗಳು ತುರಂಗಕ್ಕೆ ಬೇರೊಂದು ಬಗೆಯ ಜನರನ್ನು ತಂದುವು. ಲಾಹೋರಿನ ಸೆರೆಯಲ್ಲಿ ಉಪವಾಸಮಾಡಿ ಜತೀಂದ್ರನಾಥ ದಾಸರು ೧೯೨೯ರ ಸೆಪ್ಟೆಂಬರ ೧೩ರಂದು ದೇಹಬಿಟ್ಟ ಮೇಲೆ, ಸರಕಾರವು ೧೯೩೦ರಲ್ಲಿ ಬಂದಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳನ್ನಾಗಿ ಮಾಡಿತು. ಇದರಲ್ಲಿ ವಿದ್ಯೆ, ಅಂತಸ್ತು, ಜೀವನದ ರೀತಿ ಇವುಗಳ ಎಣಿಕೆಯೂ ಸೇರಿದ್ದಿತು. ಹಟದಿಂದ ಸಂಪಾದಿಸಿದ ಸುಧಾರಣೆಯು ಹೀಗೆ ಬಾಗಿಲಲ್ಲಿಯೇ ಶ್ರೀಮಂತನಿಗೂ ಕೂಲಿಯವನಿಗೂ ಭೇದವನ್ನು ಹುಟ್ಟಿಸಿದುದು ಶೋಚನೀಯ. 'ನರಬಲಿ' ಎಂಬ ಕವನಕ್ಕಾಗಿ ದ. ರಾ. ಬೇಂದ್ರೆಯವರು ೧೯೩೨ರಲ್ಲಿ ಸೆರೆಯನ್ನು ಅನುಭವಿಸಿದುದು ಹಿಂಡಲಗಾದಲ್ಲಿಯೇ.

ಈಗ ಮೊದಲೇ ಸೂಚಿಸಿದ ಅನ್ಯಾಯದ ಮಾತು. ಮೇಲೆ ಉದಾಹರಿಸಿದ ೧೨ ಮತ್ತು ೨೪ನೆಯ ಕಲಮುಗಳಲ್ಲಿ ಜಾತಿಯೆಂಬ ಶಬ್ದವೇ ಇಲ್ಲ. ಆದರೆ ಕಾಯದೆಯ ಕೆಳಗೆ ಪ್ರಾಂತಗಳು ರಚಿಸಿಕೊಂಡ ನಿಯಮಾವಳಿಗಳಲ್ಲಿಯೂ ದಫ್ತರದ ನಮೂನೆಗಳಲ್ಲಿಯೂ ಅದಕ್ಕೆ ಒಂದು ಅಂಕಣವು ಸಿದ್ಧವಾಯಿತು. ಬಿಹಾರದ ದೊಂಬಿಗಳಿಂದ ಹೆದರಿದ ಅಧಿಕಾರಿಗಳು ಅಡಿಗೆಯಲ್ಲಿ ಜಾತಿಯನ್ನು ಮನ್ನಿಸುವುದೇ ಕ್ಷೇಮವೆಂದುಕೊಂಡರು. ಅಡಿಗೆಯಲ್ಲಿ ಮನ್ನಿಸಿದುದು ಪಾಯಖಾನೆಯ ಕೆಲಸಕ್ಕೂ ವ್ಯಾಪಿಸಿತು. ರಾಜಸ್ಥಾನದ ನಿಯಮಗಳಲ್ಲಿ ಅಡಿಗೆಯವನು ಬ್ರಾಹ್ಮಣನೋ ಮೇಲುಜಾತಿಯ ಹಿಂದುವೋ ಆಗಿರಬೇಕೆಂದೂ, ಬಂಗಾಳದವುಗಳಲ್ಲಿ ಜಾಡಮಾಲಿಯನ್ನು ಮೇಥರ, ಹಾಡಿ ಮುಂತಾದ ಜಾತಿಗಳಿಂದ ಆರಿಸಬೇಕೆಂದೂ ಬರೆದಿದ್ದಿತು. ವೈದ್ಯನು 'ಎಂತಹ ದುಡಿಮೆಗೆ ತಕ್ಕವನು' ಎಂದು ದೇಹವನ್ನು ನೋಡಿ ಬರೆಯಬೇಕೆಂಬುದು ಶಾಸನದ ಉದ್ದೇಶ. ಕಾರಕೂನನು ಅದನ್ನು ಹುಟ್ಟನ್ನು ಕೇಳಿ ತೀರ್ಮಾನಿಸಿದನು. ಪಾವತಿಯಲ್ಲಿ ಇರಬಾರದ ಒಂದು ಸಾಲು ಹೀಗೆ ಸೇರಿಕೊಂಡು, ಉಳಿದೆಲ್ಲ ಸಾಲುಗಳಿಗಿಂತ ಬಲವುಳ್ಳದ್ದಾಯಿತು.

ಸರಕಾರಗಳು ಬದಲಾದರೂ ಈ ಅಂಕಣವು ಸಾಯಲಿಲ್ಲ. ಬೆಳಗಾಂವಿ ಜಿಲ್ಲೆಯು ೧೯೫೬ರ ನವೆಂಬರ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ೧೯೬೩ರಲ್ಲಿ ಆ ರಾಜ್ಯಕ್ಕೆ ತನ್ನದೇ ಆದ ಕಾರಾಗೃಹಗಳ ಕಾಯದೆಯು ಬಂದು, ೧೮೯೪ರ ಚೌಕಟ್ಟನ್ನೇ ಬಹುಮಟ್ಟಿಗೆ ಉಳಿಸಿಕೊಂಡಿತು. ದೇಶದ ಅನೇಕ ರಾಜ್ಯಗಳ ನಿಯಮಗಳಲ್ಲಿಯೂ ಪುಸ್ತಕಗಳಲ್ಲಿಯೂ ಜಾತಿಯ ಅಂಕಣವು ಇದ್ದೇ ಇದ್ದಿತು. ಪತ್ರಕರ್ತೆಯಾದ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸರ್ವೋಚ್ಚನ್ಯಾಯಾಲಯವು ೨೦೨೪ರ ಅಕ್ಟೋಬರ ೩ರಂದು ತೀರ್ಪುಕೊಟ್ಟು, ಜಾತಿಯಿಂದ ಕೆಲಸವನ್ನು ಹಂಚುವ ನಿಯಮಗಳು ಸಂವಿಧಾನದ ೧೪, ೧೫, ೧೭, ೨೧ ಮತ್ತು ೨೩ನೆಯ ಅನುಚ್ಛೇದಗಳಿಗೆ ವಿರುದ್ಧವೆಂದು ಸಾರಿತು. ವಿಚಾರಣಾಧೀನರ ಮತ್ತು ಶಿಕ್ಷಿತರ ಪುಸ್ತಕಗಳಿಂದ ಜಾತಿಯ ಅಂಕಣವನ್ನೂ ಉಲ್ಲೇಖವನ್ನೂ ಅಳಿಸಬೇಕೆಂದೂ, ರಾಜ್ಯಗಳು ಮೂರು ತಿಂಗಳೊಳಗೆ ತಮ್ಮ ನಿಯಮಗಳನ್ನು ತಿದ್ದಬೇಕೆಂದೂ ಆಜ್ಞಾಪಿಸಿತು. ಸ್ವಾತಂತ್ರ್ಯವು ಬಂದು ಆಗ ೭೭ ವರ್ಷಗಳು ಕಳೆದಿದ್ದುವು.

ಒಳಬರುವಾಗ ಬರೆಯುವ ಕಡೆಯ ನಮೂದು ಬಿಡುಗಡೆಯದು. ಪ್ರತಿಯೊಬ್ಬನೂ ಎಂದು ಹೊರಡತಕ್ಕವನೆಂಬುದನ್ನು ತೋರಿಸುವ ಪುಸ್ತಕವನ್ನಿಡಬೇಕೆಂದು ೧೨ನೆಯ ಕಲಮಿನಲ್ಲಿಯೇ ಇದೆ. ಬಂದ ದಿನವೇ ಹೋಗುವ ದಿನವು ಗೊತ್ತಾಗುವಂತೆ ಮಾಡುವುದು ಅದರ ಉದ್ದೇಶ. ಅಪಾಯಕರವಾದ ರೋಗವುಳ್ಳವನನ್ನು ಅವನ ಇಷ್ಟಕ್ಕೆ ವಿರೋಧವಾಗಿ ಹೊರಹಾಕಕೂಡದೆಂದು ೨೬ನೆಯ ಕಲಮು ಹೇಳುತ್ತದೆ. ಅವಧಿಯು ತೀರಿದ ದಿವಸ ಜೇಲರನು ಇಟ್ಟುಕೊಂಡಿದ್ದ ಉಡಿದಾರ, ಉಂಗುರ, ಕಾಸುಗಳನ್ನು ಎಣಿಸಿ ಕೊಟ್ಟು, ವಾರಂಟಿನ ಬೆನ್ನಿನ ಮೇಲೆ ಷರಾ ಬರೆದು, ಮನುಷ್ಯನನ್ನು ಅವನ ಊರಿಗೂ ಕಾಗದವನ್ನು ನ್ಯಾಯಾಸ್ಥಾನಕ್ಕೂ ಕಳುಹಿಸತಕ್ಕದ್ದು.