ನಿರಾಶಾವಾದಿಯ ಕರುಣೆ

ನಿರಾಶಾವಾದವೆಂದೊಡನೆ ಅದೊಂದು ಮನಸ್ಸಿನ ಬೇನೆಯೆಂದೂ, ಸಂಸಾರಸ್ಥರು ಅದರ ಬಳಿ ಸುಳಿಯದಿರುವುದೇ ಲೇಸೆಂದೂ ನೀವು ಭಾವಿಸಿರಬಹುದು. ಯೂರೋಪಿನಲ್ಲಿ ಈ ವಾದಕ್ಕೆ ಹೆಸರಾದ ಜರ್ಮನ್ ತತ್ತ್ವಜ್ಞಾನಿ ಆರ್ಥರ್ ಷೋಪೆನ್‌ಹಾವರನ ಕಥೆಯನ್ನು ಕೇಳಿದರೆ ಆ ಅಭಿಪ್ರಾಯ ತುಸು ಸಡಿಲವಾದೀತು.

ಆತ ೧೭೮೮ರಲ್ಲಿ ಡಾನ್ಜಿಗ್ ಪಟ್ಟಣದ ಸಿರಿವಂತ ವರ್ತಕನ ಮಗನಾಗಿ ಹುಟ್ಟಿದ. ಹದಿನಾರರ ಹರೆಯದಲ್ಲಿ, ೧೮೦೪ರಲ್ಲಿ, ತಂದೆತಾಯಿಯರೊಡನೆ ಪ್ರವಾಸ ಮಾಡುತ್ತ ಫ್ರಾನ್ಸಿನ ತೂಲೋನ್ ಬಂದರಿಗೆ ಹೋದ. ಅಲ್ಲಿನ ನೌಕಾಂಗಣದಲ್ಲಿ ಸಾವಿರಾರು ಕೈದಿಗಳು ಸಂಕೋಲೆ ತೊಟ್ಟು ದುಡಿಯುತ್ತಿದ್ದರು. ಅವರ ಗತಿಯನ್ನು ಹುಡುಗ ದಿನಚರಿಯಲ್ಲಿ ಬರೆದಿಟ್ಟುಕೊಂಡ. ರೋಗ, ಮುಪ್ಪು, ಮರಣಗಳು ಬುದ್ಧನ ಕಣ್ಣಿಗೆ ಬಿದ್ದಂತೆ ತನಗೂ ಆ ವಯಸ್ಸಿನಲ್ಲಿ ಬಾಳಿನ ದುಃಖ ಗೋಚರವಾಯಿತೆಂದು ಮುಂದೆ ನೆನೆದಿದ್ದಾನೆ. ಮರುವರ್ಷವೇ ತಂದೆ ತೀರಿಕೊಂಡ; ಆತ್ಮಹತ್ಯೆಯಿರಬೇಕೆಂಬ ಶಂಕೆ ಉಳಿಯಿತು.

೧೮೧೪ರಲ್ಲಿ ಆತನ ಕೈಗೆ ಉಪನಿಷತ್ತುಗಳು ಸಿಕ್ಕಿದುವು. ಅವು ಅಲ್ಲಿಗೆ ಹೋದ ದಾರಿಯೇ ಸ್ವಾರಸ್ಯವಾದುದು. ಮೊಗಲ್ ರಾಜಕುಮಾರ ದಾರಾ ಶುಕೋ ಪಂಡಿತರ ನೆರವಿನಿಂದ ೧೬೫೭ರಲ್ಲಿ ಅವನ್ನು ಪಾರ್ಸಿಗೆ ತಂದ. ಎರಡು ವರ್ಷಗಳಲ್ಲಿ ತಮ್ಮ ಔರಂಗಜೇಬನ ಆಜ್ಞೆಯಿಂದ ಪ್ರಾಣ ಕಳೆದುಕೊಂಡ. ಆ ಪಾರ್ಸಿ ಗ್ರಂಥವನ್ನು ಆಂಕ್ತಿಲ್ ದ್ಯೂಪೆರೋನ್ ಎಂಬ ಫ್ರೆಂಚ್ ವಿದ್ವಾಂಸ ಲ್ಯಾಟಿನ್ನಿಗೆ ತಿರುಗಿಸಿ ೧೮೦೧-೦೨ರಲ್ಲಿ ಅಚ್ಚು ಹಾಕಿಸಿದ. ಅನುವಾದದ ಅನುವಾದ; ಅದೂ ತೊಡಕಾದುದು. ಆದರೂ ಷೋಪೆನ್‌ಹಾವರನಿಗೆ ಅದು ಜೀವಮಾನದ ಆಸರೆಯಾಯಿತು. ಸಾಕಿದ ನಾಯಿಗೂ ಆತ ‘ಆತ್ಮ’ ಎಂದು ಹೆಸರಿಟ್ಟ. ನಮ್ಮ ಮಡಿವಂತರು ಇದಕ್ಕೇನೆನ್ನುವರೋ!

ಜಗತ್ತಿನ ಬುಡದಲ್ಲಿರುವುದು ಕುರುಡು ಇಚ್ಛೆ. ಬಯಸಿದ್ದು ಸಿಗದಿದ್ದರೆ ನೋವು, ಸಿಕ್ಕರೆ ಬೇಸರ—ಇದು ಆತನ ವಾದ. ೧೮೧೮ರ ಕೊನೆಯಲ್ಲಿ ಹೊರಬಂದ ಮುಖ್ಯ ಗ್ರಂಥವನ್ನು ಕೊಳ್ಳುವವರಿರಲಿಲ್ಲ. ೧೮೨೦ರಲ್ಲಿ ಬರ್ಲಿನ್ನಿನಲ್ಲಿ, ಹೆಗೆಲ್ ಪಾಠ ಹೇಳುವ ವೇಳೆಗೇ ಹಟ ಹಿಡಿದು ತನ್ನ ಪಾಠವನ್ನೂ ಇಟ್ಟುಕೊಂಡ, ಬಂದವರು ಬೆರಳೆಣಿಕೆಯಷ್ಟು.

ಇದರಲ್ಲಿ ಸಮಾಧಾನವೆಲ್ಲಿ ಬಂತೆಂದು ನೀವು ಕೇಳುವಿರಿ. ಸುಖವೇ ಬಾಳಿನ ಸಹಜ ಸ್ಥಿತಿಯೆಂದು ನಂಬಿದವನಿಗೆ ತನ್ನ ಕಷ್ಟ ಅವಮಾನದಂತೆ ತೋರುತ್ತದೆ. ನೆರೆಮನೆಯವರೆಲ್ಲ ನೆಮ್ಮದಿಯಾಗಿರುವಾಗ ನನಗೊಬ್ಬನಿಗೇ ಹೀಗೇಕೆ ಎಂದು ಒಳಗೇ ಕುದಿಯುತ್ತಾನೆ. ದುಃಖ ಎಲ್ಲರ ಪಾಲಿಗೂ ಬಂದುದೆಂದು ತಿಳಿದವನಿಗೆ ಆ ಉರಿ ತಗ್ಗುತ್ತದೆ. ನೆರೆಯವನ ಮುಖವೂ ಬೇರೆಯಾಗಿ ಕಾಣುತ್ತದೆ. ಮನುಷ್ಯರು ಒಬ್ಬರನ್ನೊಬ್ಬರು ಮಹಾಶಯರೆಂದು ಕರೆಯುವುದಕ್ಕಿಂತ ಜೊತೆಗೆ ನೋಯುವವರೆಂದು ಕರೆಯುವುದು ಮೇಲೆಂದು ಆತ ೧೮೫೧ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸೂಚಿಸಿದ್ದಾನೆ.

ನೀತಿಗೆ ತಳಹದಿ ಯಾವುದೆಂಬ ಡೆನ್ಮಾರ್ಕಿನ ವಿದ್ವತ್ಸಂಸ್ಥೆಯ ಸ್ಪರ್ಧೆಗೆ ಆತ ಕಳುಹಿಸಿದ ಉತ್ತರವೂ ಇದೇ: ಕರುಣೆ. ನಾನು-ನೀನೆಂಬ ಗೋಡೆ ಕ್ಷಣಕಾಲ ಬಿದ್ದಾಗ ಇನ್ನೊಬ್ಬರ ನೋವು ನನ್ನದಾಗುತ್ತದೆ; ‘ತತ್ತ್ವಮಸಿ’ ಎಂಬುದಕ್ಕೆ ಆತ ಕಂಡ ಅರ್ಥವದು. ಮೂಕಪ್ರಾಣಿಗಳನ್ನು ಹೊರಗಿಟ್ಟ ಯೂರೋಪಿನ ನೀತಿಶಾಸ್ತ್ರವನ್ನೂ ಕಟುವಾಗಿ ಖಂಡಿಸಿದ. ಸ್ಪರ್ಧೆಗೆ ಬಂದದ್ದು ಅದೊಂದೇ ಪ್ರಬಂಧ. ಆದರೂ ೧೮೪೦ರಲ್ಲಿ ಬಹುಮಾನವನ್ನು ನಿರಾಕರಿಸಿದರು!

ಇಷ್ಟು ಬರೆದವನ ನಡತೆ? ೧೮೨೧ರಲ್ಲಿ, ತನ್ನ ಕೋಣೆಯ ಮುಂದೆ ಮಾತಾಡುತ್ತ ನಿಂತ ನೆರೆಯ ದರ್ಜಿ ಹೆಂಗಸನ್ನು ಆತ ಹೊರದಬ್ಬಿದ. ಆಕೆ ದಾವೆ ಹೂಡಿದಳು. ವರ್ಷಕ್ಕೆ ೬೦ ಥೇಲರ್ ಜೀವನಾಂಶ ಕೊಡಬೇಕೆಂದು ತೀರ್ಪಾಯಿತು. ಆಕೆ ಸತ್ತಾಗ ಹೊರೆ ಇಳಿಯಿತೆಂದು ಚಾಟೂಕ್ತಿ ಬರೆದನಂತೆ. ಅಷ್ಟರಿಂದ ಆತನ ಮಾತು ಸುಳ್ಳಾಯಿತೆಂದು ನನಗನ್ನಿಸುವುದಿಲ್ಲ. ತತ್ತ್ವಜ್ಞಾನಿ ಸಂತನಾಗಬೇಕಿಲ್ಲವೆಂದು ಆತನೇ ಮೊದಲೇ ಬರೆದಿದ್ದ. ಕರುಣೆಯನ್ನು ಪಾಠ ಹೇಳಿ ಬರಿಸಲಾಗದೆಂದೂ ಆತನಿಗೆ ಗೊತ್ತಿತ್ತು.

ಆತ ೧೮೬೦ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ತೀರಿಕೊಂಡ. ೧೮೪೮ರ ದಂಗೆಯಲ್ಲಿ ಅಂಗಹೀನರಾದ ಪ್ರಷ್ಯನ್ ಸೈನಿಕರಿಗೂ, ಸತ್ತವರ ಕುಟುಂಬಗಳಿಗೂ ಆಸ್ತಿಯ ಬಹುಪಾಲನ್ನು ಬರೆದಿಟ್ಟಿದ್ದ. ಎದುರು ಪಕ್ಷದಲ್ಲಿ ಸತ್ತವರ ಕುಟುಂಬಗಳಿಗೆ ಅದರಲ್ಲಿ ಪಾಲಿರಲಿಲ್ಲ.